ಹಿಂದಿನ ಚಕ್ರದ ಲೈನರ್

ಇದನ್ನು ಹೇಳಲು ನಾನು ತಕ್ಕವನಲ್ಲ. ಸ್ಪ್ಯಾನರ್ ಹಿಡಿದು ಬದುಕುವವನಲ್ಲ; ಬಿಡಿಭಾಗದ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವನು, ಸಂಜೆ ಕಾಲೇಜಿನಲ್ಲಿ ನಾಲ್ಕಕ್ಷರ ಕಲಿತವನು. ಎಲ್ಲಾದರೂ ತಪ್ಪಿದರೆ ಕೆಲಸ ಬಲ್ಲವರು ಮನ್ನಿಸಬೇಕು.

ಹೋದ ವಾರ ನನ್ನ ಭಾವನ ಪಿಕಪ್ ಗಾಡಿ ಗೋದಾಮಿನ ಇಳಿಜಾರಿನಲ್ಲಿ ನಿಲ್ಲದೆ ಗೋಡೆಗೆ ಗುದ್ದಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆ ಗಾಡಿಗೆ ಎಂಟು ತಿಂಗಳ ಹಿಂದೆ ಬ್ರೇಕ್ ಲೈನರ್, ಅಂದರೆ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿ, ಕೊಟ್ಟವನು ನಾನು. ಭಾವ ಅಕ್ಕನ ಎದುರಿಗೇ, “ನಿನ್ನ ತಮ್ಮನ ಮಾಲು ನನ್ನ ಜೀವಾನೇ ತೆಗೀತಿತ್ತು” ಅಂದರು. ಅಕ್ಕ ನನ್ನ ಮುಖ ನೋಡಿದಳು. ಅದೇ ಪೆಟ್ಟಿಗೆಯ ಲೈನರ್ ಇನ್ನೂ ಹನ್ನೊಂದು ಗಾಡಿಗಳಿಗೆ ಹೋಗಿತ್ತು. ಅಂದಿನಿಂದ ನನಗೆ ಅನ್ನ ಸೇರಲಿಲ್ಲ.

ಹಾಗಾಗಿ ಗಾಡಿ ರಿಪೇರಿ ಮಾಡುವ ಮೇಸ್ತ್ರಮ್ಮನ ಶೆಡ್ಡಿಗೆ ಭಾವನ ಜೊತೆ ನಾನೂ ಹೋದೆ. ಮೇಸ್ತ್ರಮ್ಮ ಐವತ್ತು ದಾಟಿದ ಸಣಕಲು ಹೆಂಗಸು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಾರೆ. ಗಾಡಿಯ ಹಿಂಭಾಗವನ್ನು ಎತ್ತಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಮರದ ತುಂಡು ಕೊಟ್ಟು, ಹ್ಯಾಂಡ್‌ಬ್ರೇಕ್ ಇಳಿಸಲು ತಾವೇ ಒಳಗೆ ಬಗ್ಗಿದರು. ಅದರ ಹಿಡಿಯ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿತ್ತು. ಹೆಬ್ಬೆರಳಿನಿಂದ ಅದನ್ನೊಮ್ಮೆ ಸವರಿ ಹೊರಗೆ ಬಂದರು.

ಹಿಂದಿನ ಚಕ್ರ ಬಿಚ್ಚಿದರೆ, ಬ್ರೇಕನ್ನು ಮುಚ್ಚುವ ಡ್ರಮ್ ಕಚ್ಚಿಕೊಂಡಿತ್ತು. “ಸುತ್ತಿಗೆ ಕೊಡಿ, ಎರಡು ಬಿಟ್ರೆ ಬರುತ್ತೆ” ಅಂದರು ಭಾವ.

“ಗೋಡೆಗೆ ಬಿಟ್ಟಿದ್ದು ಸಾಲ್ದಾ, ಸಾಹೇಬ್ರೇ?”

ಅವರು ಡ್ರಮ್ಮಿನ ಎರಡು ತೂತುಗಳಿಗೆ ಎರಡು ಬೋಲ್ಟು ಹಾಕಿ, ಒಂದಕ್ಕೆ ಕಾಲು ಸುತ್ತು, ಇನ್ನೊಂದಕ್ಕೆ ಕಾಲು ಸುತ್ತು ಕೊಡುತ್ತಾ ಹೋದರು. ಡ್ರಮ್ ತಾನಾಗಿಯೇ ಮುಂದೆ ಬಂತು. ಒಳಗಿನ ಲೈನರ್ ಅದನ್ನು ಹಿಡಿದಿಡುವ ರಿವೆಟ್ಟಿನವರೆಗೂ ಸವೆದುಹೋಗಿತ್ತು.

“ನೋಡಿದ್ರಾ! ಎಂಟೇ ತಿಂಗಳು! ಲೈನರಾ ಇದು? ಬಿಸ್ಕತ್ತು!”

ಭಾವ ನನ್ನತ್ತ ಬೆರಳು ತೋರಿಸಿದರು. ಮೇಸ್ತ್ರಮ್ಮ ಮಾತ್ರ ಟಾರ್ಚ್ ಹಿಡಿದು ಮುಂದಿನ ಚಕ್ರದ ಬಳಿ ಕುಳಿತು ಒಳಗೆ ಇಣುಕಿದರು. “ಮುಂದಿನದು ಯಾವಾಗ ಹಾಕಿದ್ದು?”

“ಅದೂ ಆವಾಗ್ಲೇ.”

“ಹ್ಞೂಂ.”

ನಾನೂ ಇಣುಕಿದೆ. ಮುಂದಿನದು ನಿನ್ನೆ ಹಾಕಿದ ಹಾಗಿತ್ತು. ಅದರ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಹೊಸ ಲೈನರ್ ಕೂರಿಸುವಾಗ ಅವರು ಒಂದು ಬದಿಯನ್ನು ಪೂರ್ತಿ ಮುಗಿಸದೆ ಇನ್ನೊಂದನ್ನು ಮುಟ್ಟಲಿಲ್ಲ. ಯಾಕೆಂದು ಕೇಳಿದೆ. “ಎರಡೂ ಬಿಚ್ಚಿ ಹರಡಿದ್ರೆ, ಮರೆತಾಗ ಯಾರನ್ನ ಕೇಳ್ಲಿ, ಸಂಜೆ ಕಾಲೇಜು? ನಿನ್ನನ್ನಾ?” ಸವೆದ ಲೈನರಿನ ಪುಡಿಯನ್ನು ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿದರು. ನಮ್ಮಂಥವರ ಮುಖಕ್ಕೆ ಸಿಡಿಯುವ ಒಳಗಿನ ಸ್ಪ್ರಿಂಗುಗಳು ಅವರ ಕೈಗೆ ಎದುರು ಮಾತಾಡಲಿಲ್ಲ. ಡ್ರಮ್ ಮುಚ್ಚಿ, ತಿರುಗಿಸಿ, ಕಿವಿ ಕೊಟ್ಟರು. ಕಾಗದ ಸವರಿದಷ್ಟೇ ಸದ್ದು ಬರುವವರೆಗೆ ಬಿಗಿ ಮಾಡಿದರು. ನೋಡುತ್ತಾ ನನ್ನ ಭಯವನ್ನೇ ಮರೆತಿದ್ದೆ.

ಎರಡನೆಯ ಬದಿಯೂ ಮುಗಿಯುತ್ತಾ ಬಂದಾಗ, “ಸಿಲಿಂಡರಿನ ರಬ್ಬರೂ ಬದಲಾಯಿಸ್ಬಿಡೋಣ” ಅಂದರು. ನನ್ನ ಕಣ್ಣಿಗೆ, ಬ್ರೇಕ್ ಎಣ್ಣೆ ಸೋರದಂತೆ ತಡೆಯುವ ಆ ರಬ್ಬರ್ ಚೆನ್ನಾಗಿಯೇ ಇತ್ತು, ಎಣ್ಣೆಯ ಪಸೆಯೂ ಇರಲಿಲ್ಲ. ಹೇಳಲು ಧೈರ್ಯವಾಗಲಿಲ್ಲ. ರಬ್ಬರ್ ಬದಲಾಯಿಸಿದರೆ ಎಣ್ಣೆಯ ಪೈಪಿನೊಳಗೆ ಸೇರಿದ ಗಾಳಿ ತೆಗೆಯಬೇಕು. ಅದಕ್ಕೆ ಒಬ್ಬರು ಮೇಲೆ ಕುಳಿತು ಪೆಡಲ್ ಒತ್ತಿ ಹಿಡಿಯಬೇಕು.

“ಸಾಹೇಬ್ರೇ, ಹತ್ತಿ.”

ಭಾವ ಹತ್ತಿ ಕುಳಿತರು. “ಮೂರು ಸಲ ಒತ್ತಿ... ಹಾಂ, ಹಿಡೀರಿ.” ಮೇಸ್ತ್ರಮ್ಮ ಕೆಳಗೆ ತಿರುಪು ಸಡಿಲಿಸಿದರು. “ಬಿಟ್ರಲ್ಲ!”

“ಎಲ್ಲಿ ಬಿಟ್ಟೆ? ಹಿಡಿದೇ ಇದ್ದೀನಿ!”

ತೆರೆದ ಬಾಗಿಲ ಬಳಿ ನಿಂತಿದ್ದ ನಾನು ಕೆಳಗೆ ನೋಡಿದೆ. ಭಾವನ ಬಲಗಾಲು ಪೆಡಲಿನ ಪಕ್ಕದಲ್ಲಿ, ಬರಿಯ ತಗಡಿನ ಮೇಲಿತ್ತು. ಚಪ್ಪಲಿ ಕಳಚಿ ಬಿದ್ದಿತ್ತು. ಅವರು ನೇರ ಮುಂದೆ ನೋಡುತ್ತಾ, ಹಲ್ಲು ಕಚ್ಚಿ, ಆ ತಗಡನ್ನು ಒತ್ತುತ್ತಿದ್ದರು.

ನಾನು ಬಾಯಿ ತೆರೆದೆ. ಚಕ್ರದ ಬಳಿಯಿಂದ ಮೇಸ್ತ್ರಮ್ಮ ನನ್ನನ್ನೇ ನೋಡುತ್ತಾ ಬೇಡವೆಂದು ತಲೆಯಾಡಿಸಿದರು. “ಸಂಜೆ ಕಾಲೇಜು, ನೀನು ಹತ್ತು. ಸಾಹೇಬ್ರು ಇಲ್ಲಿ ಬಂದು ಎಣ್ಣೆ ಬೀಳೋ ಬಾಟ್ಲಿ ಹಿಡೀಲಿ.”

ನಾನು ಒತ್ತಿ ಹಿಡಿದೆ. ಕೆಳಗಿನ ಮಾತು ಕೇಳಿಸುತ್ತಿತ್ತು.

“ಎಷ್ಟು ದಿನ ಆಯ್ತು?”

“ಯಾವುದು?”

“ಕಾಲು.”

ಭಾವ ಬಾಟಲಿಯನ್ನು ನೆಲಕ್ಕಿಟ್ಟ ಸದ್ದು ಬಂತು.

“ಐದು ತಿಂಗಳಾಯ್ತು, ಮೇಸ್ತ್ರಮ್ಮ. ಮೊದ್ಲು ಜೋಮು ಅಂದ್ಕೊಂಡೆ. ಈಗ ಇದೆಯೋ ಇಲ್ವೋ ಗೊತ್ತಾಗಲ್ಲ.”

“ಅದಕ್ಕೇ ಕೈಯಲ್ಲಿ ನಿಲ್ಲಿಸ್ತಿದ್ರಿ. ಹ್ಯಾಂಡ್‌ಬ್ರೇಕು ಹಿಂದಿನ ಚಕ್ರ ಮಾತ್ರ ಹಿಡಿಯೋದು. ಎಷ್ಟೂಂತ ತಡ್ಕೊಂಡೀತು ಪಾಪ?”

“ಮನೇಲಿ ಹೇಳ್ಬೇಡಿ. ಸ್ಟೀರಿಂಗ್ ಬಿಟ್ರೆ ನನಗೆ ಬೇರೇನು ಬರುತ್ತೆ?”

“ನಾನ್ಯಾಕೆ ಹೇಳ್ಲಿ? ಹೇಳೋರು ನೀವು.”

ಕೆಲಸ ಮುಗಿದ ಮೇಲೆ ಮೇಸ್ತ್ರಮ್ಮ ಗಾಡಿಯ ಕೀಲಿಯನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. “ಗಾಡಿ ರೆಡಿ. ನೀವು ರೆಡಿ ಅಂತ ಡಾಕ್ಟರ್ ಚೀಟಿ ಕೊಡ್ಲಿ, ಆವತ್ತು ಒಯ್ಯಿರಿ.” ಭಾವನ ಧ್ವನಿ ಏರಿತು, ಬೈದರು; ಕೀಲಿ ಮಾತ್ರ ಸಿಗಲಿಲ್ಲ. ನಾವಿಬ್ಬರೂ ನಡೆದೇ ಹೊರಟೆವು. ತಿರುವಿನಲ್ಲಿ ಭಾವ ನನ್ನ ಭುಜ ಹಿಡಿದುಕೊಂಡು, “ನಿನ್ನ ಮಾಲು ಚೆನ್ನಾಗೇ ಇತ್ತು ಕಣೋ” ಅಂದರು. “ಅಕ್ಕಂಗೆ ನಾನೇ ಹೇಳ್ತೀನಿ.” ಹೇಳಿದರು ಕೂಡ, ಆ ಸಂಜೆಯೇ.

ಭಾವನ ಕಾಲು ಸರಿಹೋಗುತ್ತದೋ ಇಲ್ಲವೋ, ಡಾಕ್ಟರೇ ಇನ್ನೂ ಹೇಳಿಲ್ಲ. ಇನ್ನೊಂದು ಸಂಗತಿಯೂ ನನಗೆ ತಿಳಿದಿಲ್ಲ. ಅಂದು ಕಿತ್ತೆಸೆದ ಆ ರಬ್ಬರನ್ನು ನಾನು ಜೇಬಿಗೆ ಹಾಕಿಕೊಂಡು ಬಂದೆ. ಅಂಗಡಿಯ ದೀಪದಲ್ಲಿ ಎಷ್ಟೋ ಸಲ ನೋಡಿದೆ. ಬಿರುಕಿಲ್ಲ, ಸವೆತವಿಲ್ಲ. ಅದನ್ನು ಬದಲಾಯಿಸುವ ಅಗತ್ಯ ನಿಜವಾಗಿಯೂ ಇತ್ತೇ, ಇಲ್ಲಾ ಭಾವನನ್ನು ಪೆಡಲಿನ ಮುಂದೆ ಕೂರಿಸಲೆಂದೇ ಮೇಸ್ತ್ರಮ್ಮ ಅದನ್ನು ಬಿಚ್ಚಿದರೇ? ಕೇಳಬೇಕೆಂದು ಎರಡು ಸಲ ಶೆಡ್ಡಿನವರೆಗೂ ಹೋಗಿದ್ದೆ. ಕೇಳಲಿಲ್ಲ. ನನಗೆ ಗೊತ್ತಿಲ್ಲ.