ಪ್ಯಾಂಟ್ರಿಯ ಹೊಗೆ

"ಕೆಮ್ಮುದಾದ್ರೆ ಹೊರಗೆ ಹೋಗಿ ಕೆಮ್ಮು ಮಾರಾಯ್ತಿ! ಚಾಕ್ಕೆ ನಿನ್ನ ಎಂಜಲು ಬೀಳ್ತದೆ."

ಕೃತಿಕ್ ಸಿಗರೇಟಿನ ಹೊಗೆಯನ್ನು ವಾರಿಜಾಕ್ಷಿಯ ಮುಖಕ್ಕೇ ಬಿಟ್ಟ. ಕೊಲ್ಲಿ ದೇಶದ ಹಮದ್ ಬಂದರಿನ ಹತ್ತಿರದ ಆ ಸರಕು ಕಂಪನಿಗೆ ಅವನು ಮ್ಯಾನೇಜರ್. ಅವಳ ಮಗನ ಪ್ರಾಯ. ಹೊರಗಿನ ಸುಡುಬಿಸಿಲಿಗೆ ಹೆದರಿ ಅವನೂ ಅವನ ಗೆಳೆಯರೂ ಸೇದಲು ಬರುತ್ತಿದ್ದದ್ದು ಅವಳ ಪ್ಯಾಂಟ್ರಿಗೆ. ಕಿಟಕಿಯಿಲ್ಲದ ಆ ಗೂಡಿನಲ್ಲಿ ಒಂಬತ್ತು ವರ್ಷದಿಂದ ಚಹಾ ಕಾಸುತ್ತಿದ್ದ ವಾರಿಜಾಕ್ಷಿಗೆ ಈಗ ನಾಲ್ಕು ಮೆಟ್ಟಿಲು ಹತ್ತಿದರೂ ಎದೆ ಸಿಳ್ಳೆ ಹೊಡೆಯುತ್ತಿತ್ತು.

"ಸರ್, ಡಾಕ್ಟ್ರು ಬರೆದು ಕೊಟ್ಟಿದ್ದಾರೆ. ನಂಗೆ ಹೊಗೆ ಆಗುದೇ ಇಲ್ಲಂತೆ. ಇಲ್ಲಿ ಎಳೀಬೇಡಿ."

ಚೀಟಿಯನ್ನು ಓದದೆಯೇ ಅವನು ಅದರ ಮೇಲೆ ಬೂದಿ ಕೊಡವಿದ. ಗೆಳೆಯರು ನಕ್ಕರು.

"ಆಗದಿದ್ರೆ ಬಿಟ್ಟು ಹೋಗು. ನೀನಾಗಿ ಬಿಟ್ರೆ ಗ್ರ್ಯಾಚುಟಿ ಮಾಫಿ, ಒಂದು ಪೈಸೆ ಇಲ್ಲ. ಖಲಾಸ್. ಗೊತ್ತುಂಟಲ್ಲ?"

ಕೆಲಸ ಹೋದ ಪರದೇಶದವರಿಗೆ ಇಲ್ಲಿ ಸರಕಾರದ ಭತ್ಯೆಯಿಲ್ಲ. ಬಿಡುವಾಗ ಕಂಪನಿ ಕೊಡುವ ಗ್ರ್ಯಾಚುಟಿಯೊಂದೇ ಆಸರೆ. ಅದು ಹೋದೀತೆಂದೇ ಅವಳು ಇಷ್ಟು ಕಾಲ ಹೊಗೆ ನುಂಗಿದ್ದಳು. ಚೀಟಿಯ ಮೇಲಿನ ಬೂದಿ ಒರೆಸುವಾಗ ಹೆದರಿಕೆಯಿದ್ದ ಜಾಗಕ್ಕೆ ಹಗೆ ಬಂದು ಕೂತಿತು. ಒಲೆ ಆರಿಸಿ, ಏಪ್ರನ್ ಬಿಚ್ಚಿ ಅವನ ಕಾಲಬುಡಕ್ಕೆ ಎಸೆದು ಹೊರಟಳು.

ಬಿನ್ ಮಹಮೂದ್ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಅವಳ ಜೊತೆಗಿದ್ದ ಫಾಹಿಮಾ ಟೈಪಿಂಗ್ ಅಂಗಡಿಯವಳು. ಕೆಲಸಗಾರರ ದೂರಿನ ಅರ್ಜಿ ಎಷ್ಟೋ ಬರೆದವಳು.

"ವಾರಿಜಕ್ಕ, ಆರೋಗ್ಯ ಕೆಡ್ತದೆ ಅಂತ ಹೇಳಿಯೂ ಅವರು ಕೇಳದಿದ್ರೆ, ಬಿಟ್ಟರೂ ಹಕ್ಕು ಹೋಗುದಿಲ್ಲ. ಆದ್ರೆ ಅವನಿಗೆ ಗೊತ್ತಿತ್ತು ಅಂತ ತೋರಿಸ್ಬೇಕು ನೀವು."

ವಾರಿಜಾಕ್ಷಿ ಕೃತಿಕ್‌ಗೆ ವಾಯ್ಸ್ ಮೆಸೇಜ್ ಕಳಿಸಿದಳು: ನಿಮ್ಮ ಹೊಗೆಗೇ ಕೆಲಸ ಬಿಟ್ಟದ್ದು, ಎಷ್ಟು ಸಲ ಹೇಳಿದ್ದೆ. ಅವನ ದನಿಯಲ್ಲೇ ಉತ್ತರ ಆ ಗಳಿಗೆಗೆ ಬಂತು. ಕೇಳಿದ ಫಾಹಿಮಾ ಕಿವಿ ಮುಚ್ಚಿಕೊಂಡಳು. ವಾರಿಜಾಕ್ಷಿ ನಕ್ಕಳು.

ಅವಳ ದೂರಿನ ವಿಚಾರಣೆಗೆ ಕಾರ್ಮಿಕ ಕಚೇರಿಗೆ ಕೃತಿಕ್ ಟೈ ಕಟ್ಟಿಕೊಂಡು ಬಂದಿದ್ದ. ತಮ್ಮಲ್ಲಿ ಯಾರೂ ಸೇದುವುದಿಲ್ಲ, ಈಕೆ ಒಂದು ದಿನವೂ ದೂರಿದವಳಲ್ಲ ಎಂದ. ವಾರಿಜಾಕ್ಷಿ ಫೋನನ್ನು ಅಧಿಕಾರಿಯ ಮೇಜಿನ ಮೇಲಿಟ್ಟು ಅವನ ಉತ್ತರವನ್ನು ಒತ್ತಿದಳು.

"ಹೌದು, ಎಳೆದೆ. ನೀನು ಸಾವಿರ ಸಲ ಹೇಳಿದ್ರೂ ಎಳೀತೇನೆ. ಎಂತ ಮಾಡ್ತಿ? ಕೆಮ್ಮಿ ಸಾಯಿ, ಬೇವರ್ಸಿ ರಂಡೆ!"

ದುಭಾಷಿ ತಾಹಿರ್ ಕಾಸರಗೋಡಿನವನು. ಅರಬಿಯಲ್ಲಿ ಹೇಳುತ್ತಾ ಬಂದವನು ಕೊನೆಗೆ ತಡವರಿಸಿ ನಿಲ್ಲಿಸಿದ.

ಕೃತಿಕ್ ಅವಳತ್ತ ಬಾಗಿದ. "ಅಕ್ಕ, ನಾವು ಒಂದೇ ಊರಿನವರಲ್ವಾ? ಗ್ರ್ಯಾಚುಟಿ ಪೂರಾ ಕೊಡಿಸ್ತೇನೆ. ಅದನ್ನು ಡಿಲೀಟ್ ಮಾಡಿ. ನನ್ನ ಕೆಲಸ ಹೋಗ್ತದೆ."

ಅವಳು ಅವನ ಮುಖ ಸಹ ನೋಡಲಿಲ್ಲ.

"ತಾಹಿರಣ್ಣ, ಕಡೇ ಎರಡು ಶಬ್ದ ಬಿಟ್ರಲ್ಲ. ಅದನ್ನೂ ಹೇಳಿ."

"ಬೇಡ ಅಕ್ಕ. ದೊಡ್ಡವರ ಎದುರು ಹೇಗೆ..."

"ನಂಗೆ ಹೇಳ್ಬಹುದಾದ್ರೆ ಅವರ ಎದುರೂ ಹೇಳ್ಬಹುದು. ಹೇಳಿ."

ಅಧಿಕಾರಿ ಪೆನ್ನು ಹಿಡಿದು ಕಾದ. ತಾಹಿರ್ ನೆಲ ನೋಡಿದ. ವಾರಿಜಾಕ್ಷಿ ಮೆಸೇಜನ್ನು ಮೊದಲಿನಿಂದ ಹಾಕಿ, ಪಕ್ಕದ ಕೋಣೆಗೂ ಕೇಳುವಷ್ಟು ದನಿ ಏರಿಸಿದಳು.