ಆರನೆಯವನ ಹಿಂದಲೆ

ಸಿಂಹಣ್ಣನ ಕತ್ತರಿಗೆ ಸಮನಾದ ಕತ್ತರಿ ಸುತ್ತ ಹದಿನಾಲ್ಕು ಊರುಗಳಲ್ಲಿ ಇರಲಿಲ್ಲ. ಹದಿನಾಲ್ಕು ಎಂದದ್ದು ಸಂಕೋಚಕ್ಕೆ. ನಿಜವಾದ ಲೆಕ್ಕ ಹೇಳಿದರೆ ಯಾರೂ ನಂಬುವುದಿಲ್ಲ. ಒಮ್ಮೆ ಅವನು ಗಿರಾಕಿಯೊಬ್ಬನ ಕೆನ್ನೆ ಹೆರೆಯುತ್ತಿದ್ದಾಗ ನೊಣವೊಂದು ಬಂದು ಕತ್ತಿಯ ಅಲಗಿನ ಮೇಲೆ ಕೂತಿತು. ಎದ್ದು ಹಾರುವಾಗ ಅದರ ಮೀಸೆ ಎರಡೂ ಕಡೆ ಸಮನಾಗಿತ್ತು. ಇದನ್ನು ಕಣ್ಣಾರೆ ಕಂಡವರು ಆ ಬೀದಿಯಲ್ಲಿ ಕಡಿಮೆಯೆಂದರೂ ನಾನೂರು ಜನ ಇದ್ದಾರೆ, ಅಂಗಡಿಯಲ್ಲಿ ಜಾಗವಿದ್ದದ್ದು ಐದು ಜನಕ್ಕೆ ಮಾತ್ರ ಎಂಬುದು ಬೇರೆ ಮಾತು.

ಇನ್ನು ಅವನ ಸ್ವಂತ ಕೂದಲು. ಐವತ್ತಮೂರು ತುಂಬಿದರೂ ಭುಜ ಮುಟ್ಟುತ್ತಿದ್ದ ಕೇಸರ ಅದು. ಅದರೊಳಗೆ ಬಾಚಣಿಗೆ ಬಿದ್ದರೆ ಮೂರು ದಿನ ಹುಡುಕಬೇಕು. ಅದಕ್ಕೇ ಬೀದಿಯೆಲ್ಲ ಅವನನ್ನು ಸಿಂಹಣ್ಣ ಎನ್ನುತ್ತಿತ್ತು. ಹೆತ್ತವರಿಟ್ಟ ಹೆಸರು ಅಕ್ಕನೊಬ್ಬಳಿಗೆ ಬಿಟ್ಟರೆ ಅವನಿಗೂ ನೆನಪಿರಲಿಲ್ಲ. ಆ ತಲೆಗೆ ಇನ್ನೊಬ್ಬರ ಕೈ ತಾಗಲು ಅವನು ಬಿಟ್ಟವನಲ್ಲ. ತುದಿಗಳನ್ನು ತಾನೇ, ನಿಂತುಕೊಂಡೇ, ಕನ್ನಡಿ ನೋಡಿ ಕತ್ತರಿಸಿಕೊಳ್ಳುತ್ತಿದ್ದ. ಗಿರಾಕಿಗಳ ಕುರ್ಚಿಯಲ್ಲಿ ಮಾತ್ರ ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಕೂತಿರಲಿಲ್ಲ. "ಈ ಕುರ್ಚೀಲಿ ಕೂತೋನು ಕಣ್ಣು ಮುಚ್ಚಿ ಕತ್ತು ಕೊಡಬೇಕು. ಅದೆಲ್ಲ ನನ್ನ ಕೈಲಾಗಲ್ಲಪ್ಪ," ಎನ್ನುತ್ತಿದ್ದ.

ಅಂಗಡಿಯ ಗೋಡೆಗಳಲ್ಲಿ ಎದುರುಬದುರಾಗಿ ಎರಡು ಆಳೆತ್ತರದ ಕನ್ನಡಿಗಳು. ಹಿಂದಿನದು ಒಂದು ಬೆರಳಿನಷ್ಟು ಓರೆ. ಆ ಓರೆಯಿಂದಾಗಿ ಕುರ್ಚಿಯಲ್ಲಿ ಕೂತವನ ಬಿಂಬ ಒಂದರ ಹಿಂದೊಂದು, ಎಡಕ್ಕೆ ಬಾಗಿದ ಸಾಲಾಗಿ, ಹಸಿರು ನೀರಿನೊಳಗೆ ಇಳಿಯುತ್ತ ಹೋದಂತೆ ಕಾಣುತ್ತಿತ್ತು. ಮೊದಲನೆಯವನದು ಮುಖ, ಎರಡನೆಯವನದು ಹಿಂದಲೆ, ಮೂರನೆಯವನದು ಮತ್ತೆ ಮುಖ. ಬೆಸ ಬಂದರೆ ಮುಖ, ಸಮ ಬಂದರೆ ಹಿಂದಲೆ. ಆರನೆಯವನ ತನಕ ಚೆನ್ನಾಗಿ ಕಾಣುತ್ತಿತ್ತು. ಅದರಾಚೆ ಗಾಜೇ ಕತ್ತಲು.

ಎರಡು ವಾರದ ಹಿಂದೆ ತನ್ನ ಗಡ್ಡ ತಾನೇ ಹೆರೆದುಕೊಳ್ಳುವಾಗ ದವಡೆಯ ಕೆಳಗೆ ಬಟಾಣಿಯಷ್ಟು ಗಂಟು ಅವನ ಬೆರಳಿಗೆ ಸಿಕ್ಕಿತು. ಲಕ್ಷ ಕತ್ತುಗಳನ್ನು ಸವರಿದ ಬೆರಳಿಗೆ ಯಾವ ಗಂಟು ಇರಬಹುದಾದದ್ದು, ಯಾವುದು ಇರಬಾರದ್ದು ಎಂದು ಗೊತ್ತಿರುತ್ತದೆ. ಪರೀಕ್ಷೆಗಳಾದವು. ಡಾಕ್ಟರಮ್ಮ ಸುತ್ತುಬಳಸದೆ ಹೇಳಿದಳು: "ಕ್ಯಾನ್ಸರ್. ಗುಣವಾಗೋ ಜಾತಿದು. ಕೀಮೋ ಆರು ಸಲ, ಇಪ್ಪತ್ತೊಂದು ದಿನಕ್ಕೊಂದು. ಸೋಮವಾರ ಬೆಳಗ್ಗೆ ಎಂಟಕ್ಕೆ ಬನ್ನಿ. ಈ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ತನ್ನಿ."

ಸಿಂಹಣ್ಣ ಒಪ್ಪಿಗೆ ಪತ್ರವನ್ನು ನಾಲ್ಕಾಗಿ ಮಡಚಿ ಕತ್ತಿಯ ಡಬ್ಬಿಯ ತಳಕ್ಕೆ ತುರುಕಿದ. ಅದರ ಮೇಲೆ ಪಟಿಕದ ಕಲ್ಲಿಟ್ಟ. ಎಲ್ಲಿ ಎದ್ದು ಬಂದೀತೋ ಎಂಬಂತೆ.

ಶುಕ್ರವಾರ ಮಧ್ಯಾಹ್ನ ಗಣಿತದ ಮೇಷ್ಟ್ರು ಬಂದರು. ಕೆಲಸ ಮುಗಿಯಿತು. ಕತ್ತಿನ ಗೆರೆ ಕಾಣಲು ಹಿಂದಿನ ಕನ್ನಡಿ ದೂರವಾಗುತ್ತದೆ, ಆದ್ದರಿಂದ ಸಿಂಹಣ್ಣ ಎಂದಿನಂತೆ ಕೈಗನ್ನಡಿ ಹಿಡಿದು, ಪಕ್ಕಕ್ಕೆ ಸರಿದು ನಿಂತು, "ಸರಿ ಇದೆಯಾ ಸಾರ್?" ಎಂದ. ಇಲ್ಲಿ ಗಿರಾಕಿ ಹೂಂ ಎಂದು ತಲೆಯಾಡಿಸಬೇಕು. ಎಲ್ಲರೂ ಆಡಿಸುತ್ತಾರೆ. ಹಿಂದಲೆಯ ಮೇಲೆ ಎತ್ತಿನ ಗಾಡಿ ಹಾಯಿಸಿದ್ದರೂ ಆಡಿಸುತ್ತಾರೆ. ಮೂವತ್ತೊಂದು ವರ್ಷದಲ್ಲಿ ಬೇಡ ಎಂದವನು ಒಬ್ಬನೂ ಇಲ್ಲ.

ಮೇಷ್ಟ್ರು ತಲೆಯಾಡಿಸಿದರು. ಸಾಲಿನಲ್ಲಿದ್ದ ಮೇಷ್ಟ್ರುಗಳೆಲ್ಲ ತಲೆಯಾಡಿಸಿದರು. ಆರನೆಯವನು ಆಡಿಸಲಿಲ್ಲ.

ಆರನೆಯವನದು ಬೋಳು ತಲೆ.

ಸಿಂಹಣ್ಣ ಬಟ್ಟೆ ತೆಗೆದುಕೊಂಡು ಗಾಜು ಒರೆಸಿದ. ಬೋಳು ಹೋಗಲಿಲ್ಲ. ಬಿಳಿ ಬಟ್ಟೆ ಹೊದ್ದ ಎರಡು ಭುಜ, ನಡುವೆ ನುಣ್ಣನೆಯ ಹಿಂದಲೆ, ಅದರ ಮೇಲೆ ಉಗುರು ಒತ್ತಿದಂತೆ ಬಾಗಿದ ಒಂದು ಕಲೆ.

"ಏನಯ್ಯ ಸಿಂಹಣ್ಣ, ನನ್ನ ತಲೆ ಹಿಂದೆ ಯಾವ ಪಿಕ್ಚರ್ ಓಡ್ತಿದೆ? ಟಿಕೆಟ್ ನನಗೂ ಕೊಡು."

"ಕನ್ನಡಿಯ ಪಾದರಸ ಎದ್ದಿದೆ ಸಾರ್."

"ಪಾದರಸ ಎದ್ದಿರೋದು ನಿನ್ನ ಮುಖದ್ದು. ಸುಣ್ಣ ಬಳಿದ ಹಾಗಾಗಿದೆ, ನೋಡ್ಕೋ."

ಶನಿವಾರ ಹನ್ನೊಂದು ಜನ ಕೂತೆದ್ದರು. ಗಡ್ಡದವರು, ಗುಂಗುರು ಕೂದಲಿನವರು, ನೆತ್ತಿ ನರೆತವರು. ಯಾರು ಕೂತರೂ ಆರನೆಯ ಜಾಗದಲ್ಲಿ ಅದೇ ಹಿಂದಲೆ. ಸಿಂಹಣ್ಣನ ಕಣ್ಣು ಅದರ ಮೇಲೇ ಇದ್ದಾಗ ಕತ್ತರಿ ಒಬ್ಬನ ಕಿವಿಯಂಚು ಕೊಯ್ದಿತು. ಅವನ ಜನ್ಮದಲ್ಲಿ ಅದೇ ಮೊದಲ ರಕ್ತ. ಆ ಒಂದು ಹನಿಗೆ ಅಂಗಡಿಯ ನೆಲ ಕೆರೆಯಾದಂತೆ ಕಂಡಿತು ಅವನಿಗೆ. ಪಟಿಕ ಒತ್ತುವಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಪ್ರತಿ ಬಿಂಬದಲ್ಲೂ ಕೂತವನ ಪಕ್ಕ ನಿಂತವನೊಬ್ಬ ಇರುತ್ತಾನೆ, ಅಂದರೆ ಸಿಂಹಣ್ಣ. ಮೊದಲನೆಯದರಲ್ಲಿ ಇದ್ದ. ಎರಡರಲ್ಲಿ ಇದ್ದ. ಐದರ ತನಕ ಇದ್ದ.

ಆರನೆಯದರಲ್ಲಿ ಕೂತವನು ಇದ್ದ. ನಿಂತವನು ಇರಲಿಲ್ಲ.

ಎಂಟು ಸಲ ಎಣಿಸಿದ. ಆರು ಕೀಮೋ, ಆರು ಬಿಂಬ. ಏಳನೆಯ ಬಿಂಬವಿರಬೇಕಾದ ಕತ್ತಲ ಕಡೆಗೆ ಮಾತ್ರ ಕಣ್ಣು ಹಾಯಿಸಲಿಲ್ಲ. ಆಮೇಲೆ "ಇವತ್ತಿಗೆ ಮುಗೀತು" ಎಂದು, ಅರ್ಧ ಮೀಸೆಯ ಗಿರಾಕಿಯೊಬ್ಬನನ್ನು ಹಾಗೇ ಎಬ್ಬಿಸಿ ಕಳಿಸಿಬಿಟ್ಟ. ಆ ಮನುಷ್ಯ ಇವತ್ತಿಗೂ ಅರ್ಧ ಮೀಸೆಯಲ್ಲೇ ಓಡಾಡುತ್ತಿದ್ದಾನೆ ಎಂದು ಬೀದಿಯವರು ಹೇಳುತ್ತಾರೆ.

ಭಾನುವಾರ ಬೆಳಗ್ಗೆ ಅಕ್ಕ ಬಂದಳು. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕಾಗದಗಳಿಗೆ ಮೊಹರು ಒತ್ತಿ ನಿವೃತ್ತಳಾದವಳು. ಮಾತಾಡುವಾಗ ಅವಳ ಬಲಗೈ ತಾನಾಗಿ ಮೇಜು ಗುದ್ದುತ್ತಿತ್ತು, ಪ್ರತಿ ವಾಕ್ಯಕ್ಕೂ ಒಂದು ಮೊಹರು. ಅವಳು ಸಿಟ್ಟಾದರೆ ಮೂರು ಮನೆಯಾಚೆ ಪಾತ್ರೆಗಳು ಅಲುಗುತ್ತಿದ್ದವು.

"ಸಹಿ ಹಾಕಿದೆಯೇನೋ?" ಧಪ್.

"ಮುಂದಿನ ತಿಂಗಳು ನೋಡೋಣ ಕಣಕ್ಕ. ಅಂಗಡಿ ಯಾರು ನಡೆಸ್ತಾರೆ?"

"ಅಂಗಡಿ ನಡೆಯಕ್ಕೆ ಅದಕ್ಕೇನು ಕಾಲಿದೆಯಾ?" ಧಪ್. "ಗಂಟು ಮುಂದಿನ ತಿಂಗಳ ತನಕ ಸುಮ್ನೆ ಕೂತಿರುತ್ತಾ? ನಿನ್ನ ಗಿರಾಕೀನಾ ಅದು, ಪೇಪರ್ ಓದ್ಕೊಂಡು ಕಾಯಕ್ಕೆ?" ಧಪ್, ಧಪ್. "ಕೂದಲು ಹೋಗುತ್ತೆ ಅಂತ ತಾನೇ ನಿನಗೆ ಭಯ?"

"ಕೂದಲು ಹೋದ್ರೆ ಹೋಗ್ಲಿ." ಸಿಂಹಣ್ಣ ಮೊದಲ ಸಲ ತಗ್ಗಿದ ದನಿಯಲ್ಲಿ ಮಾತಾಡಿದ. "ಆಸ್ಪತ್ರೇಲೂ ಒಂದು ಕುರ್ಚೀಲಿ ಕೂರಿಸ್ತಾರಂತೆ. ನರಕ್ಕೆ ಸೂಜಿ ಹಾಕಿ ನಾಲ್ಕು ಗಂಟೆ. ಕೂತೋನು ನಾನು. ಆಮೇಲೆ ಎದ್ದು ಬರೋನು ಯಾರು? ಅದನ್ನ ಯಾರೂ ಹೇಳ್ತಿಲ್ಲ."

ಅಕ್ಕನ ಕೈ ಮೇಜಿನ ಮೇಲೆ ನಿಧಾನವಾಯಿತು. ಅವಳನ್ನು ನಗಿಸಿ ಮಾತು ಮರೆಸೋಣವೆಂದು ಅವನು ಕನ್ನಡಿಯ ಕಥೆ ತೆಗೆದ. "ಇನ್ನೊಂದು ತಮಾಷೆ ಕೇಳು. ನನಗೆ ಖಾಯಂ ಗಿರಾಕಿಯೊಬ್ಬ ಗಂಟುಬಿದ್ದಿದ್ದಾನೆ. ಕನ್ನಡಿಯೊಳಗೇ ಇರ್ತಾನೆ, ಆರನೇ ಸಾಲಲ್ಲಿ. ಬೋಳುತಲೆ. ಹಿಂದಲೆ ಮೇಲೆ, ಎಡಕ್ಕೆ, ಉಗುರು ಒತ್ತಿದ ಹಾಗೆ ಒಂದು ಕಲೆ..."

ಮೊಹರು ಬೀಳಲಿಲ್ಲ. ಅಕ್ಕನ ಕೈ ಗಾಳಿಯಲ್ಲೇ ನಿಂತಿತ್ತು.

"ಯಾರು ಹೇಳಿದ್ರು ನಿನಗೆ?"

"ಏನನ್ನ?"

"ಆ ಕಲೆ ವಿಷ್ಯ." ಅವಳು ಬೆಂಚಿನ ಮೇಲೆ ಕುಸಿದಳು. "ನಿನಗಾಗ ಎರಡು ವರ್ಷ, ನನಗೆ ಏಳು. ಎತ್ಕೊಂಡು ಕುಣೀತಿದ್ದೆ. ಮೆಟ್ಟಿಲ ಕಲ್ಲಿನ ಮೇಲೆ ಬೀಳಿಸಿಬಿಟ್ಟೆ. ಅಪ್ಪನಿಗೆ ಗೊತ್ತಾದ್ರೆ ಚರ್ಮ ಸುಲೀತಾರೆ ಅಂತ ಅಮ್ಮ ಯಾರಿಗೂ ಹೇಳಬೇಡ ಅಂದ್ರು. ಅಮ್ಮನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಇಷ್ಟು ವರ್ಷ ನಿನ್ನ ಕೂದಲಿಗೆ ಮನಸ್ಸಲ್ಲೇ ಕೈ ಮುಗೀತಿದ್ದೆ ಕಣೋ, ಮುಚ್ಚಿಟ್ಟಿದೆಯಲ್ಲ ಅಂತ."

ಹೊರಗೆ ಬಿಸಿಲಿತ್ತು. ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿದರು. ಅಂಗಡಿಯೊಳಗೆ ಮಾತ್ರ ಸಿಂಹಣ್ಣನಿಗೆ ಆಳವಾದ ಬಾವಿಯ ಕಟ್ಟೆಗೆ ಒರಗಿದಷ್ಟು ತಣ್ಣಗಾಯಿತು. ಲಕ್ಷ ಜನರಿಗೆ ಅವರವರ ಹಿಂದಲೆ ತೋರಿಸಿದವನಿಗೆ ತನ್ನದು ಹೇಗಿದೆಯೆಂದು ಗೊತ್ತಿರಲಿಲ್ಲ.

"ಹಾಗಾದ್ರೆ ಅವನು ನಾನೇ," ಎಂದ.

"ಅವನ ಮುಂದೆ? ಏಳನೆಯೋನು?"

"ನೋಡಿಲ್ಲ."

"ಯಾಕೆ?"

"ಇಲ್ಲದೇ ಇದ್ರೆ?"

ಅಕ್ಕ ಕನ್ನಡಕ ಹಾಕಿಕೊಂಡು ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. "ನನಗೆ ನಿನ್ನ ಆರನೆಯೋನೂ ಕಾಣಲ್ಲ. ಎಲ್ಲ ಕಡೆ ನನ್ನ ದಪ್ಪ ಮೂಗೇ ಕಾಣುತ್ತೆ." ನೆಟ್ಟಗೆ ನಿಂತಳು. "ನಿಂತ್ಕೊಂಡು ನೋಡೋದಲ್ಲ ಅದು. ಕೂತ್ಕೊಂಡು ನೋಡ್ಬೇಕು. ಕೂರು."

"ಎಲ್ಲಿ?"

"ನನ್ನ ತಲೆ ಮೇಲೆ! ಕುರ್ಚೀಲಿ ಕಣೋ. ನೆತ್ತಿ ಬೋಳಾಗೋದು ಹೇಗೂ ಇದೆ. ಬೀಳಿಸಿದವಳು ನಾನು, ಆ ಕಲೆ ಬಿಚ್ಚೋಳೂ ನಾನೇ ಆಗ್ತೀನಿ."

ಸಿಂಹಣ್ಣ ಆ ಕುರ್ಚಿಯತ್ತ ಮೂರು ಹೆಜ್ಜೆ ಇಡುವಷ್ಟರಲ್ಲಿ ಸೂರ್ಯ ಅರ್ಧ ಆಕಾಶ ದಾಟಿದ್ದ ಎಂದರೆ ತಪ್ಪಿಲ್ಲ. ಕೂತ. ಚರ್ಮದ ಸೀಟು ಲಕ್ಷ ಜನರ ಭಾರಕ್ಕೆ ತಗ್ಗಿ ಹೋಗಿತ್ತು. ಆ ತಗ್ಗು ತನ್ನ ಅಳತೆಗೇ ತೆಗೆದಂತಿತ್ತು, ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು.

ಅಕ್ಕ ಕತ್ತಿಗೆ ಕೈ ಹಾಕಿದಳು.

"ಅಯ್ಯೋ, ಕತ್ತಿ ಬೇಡ! ಗಾಯ ಆಗಬಾರದು, ಮಷೀನು ಮಾತ್ರ ಅಂತ ಆಸ್ಪತ್ರೆಯ ನರ್ಸ್ ಹೇಳಿದ್ದಾಳೆ. ನನಗೇ ಹೇಳಿದಳು ನೋಡು, ನನಗೆ!"

"ಸರಿಯಾಗೇ ಹೇಳಿದ್ದಾಳೆ. ಮಷೀನು ಯಾವ ಕಡೆಯಿಂದ ಹಿಡೀಬೇಕು?"

"ನೀನು ಹಿಡಿದಿರೋದು ಪೌಡರ್ ಬ್ರಷ್ಶು."

ಮೊದಲು ಕತ್ತರಿ, ಆಮೇಲೆ ಮಷೀನು. ಅಕ್ಕ ಕಾಗದಕ್ಕೆ ಮೊಹರು ಒತ್ತುವ ಹಾಗೇ ತಲೆಯ ಮೇಲೆ ಒತ್ತಿ ಒತ್ತಿ ಹೋದಳು. "ಕಿವಿ ಮಡಚು, ಕಿವಿ ಮಡಚು!" ಎಂದು ಅವನು ಕೂಗುತ್ತಿದ್ದ. "ಸುಮ್ನಿರೋ, ಗಿರಾಕಿಗೇಕೆ ಅಧಿಕಪ್ರಸಂಗ," ಎಂದು ಅವಳು ಗದರುತ್ತಿದ್ದಳು. ಕೇಸರ ನೆಲಕ್ಕೆ ಬಿದ್ದು ಬಿದ್ದು ಗುಡ್ಡೆಯಾಯಿತು. ಆ ಗುಡ್ಡೆಯಲ್ಲಿ ಕಳೆದುಹೋದ ನಾಲ್ಕು ಬಾಚಣಿಗೆ ಸಿಕ್ಕವು, ಅದರಲ್ಲಿ ಒಂದು ಅಂಗಡಿ ತೆರೆದ ಕಾಲದ್ದು. ಸಿಂಹಣ್ಣ ಕಣ್ಣು ಮುಚ್ಚಿದ್ದ. ತಲೆಗೆ ಗಾಳಿ ತಾಗಿತು. ಹುಟ್ಟಿದ ಮೇಲೆ ಮೊದಲ ಸಲ ತಾಗಿದಂತಿತ್ತು.

ಮಷೀನು ನಿಂತಿತು. ಅಕ್ಕನ ಬೆರಳು ಹಿಂದಲೆಯ ಒಂದು ಜಾಗವನ್ನು ಸವರಿ ಅಲ್ಲೇ ನಿಂತಿತು.

ಆಮೇಲೆ ಕೈಗನ್ನಡಿ ಹಿಡಿದು, ಪಕ್ಕಕ್ಕೆ ಸರಿದು, ಅವನದೇ ದನಿಯಲ್ಲಿ, "ಸರಿ ಇದೆಯಾ ಸಾರ್?" ಎಂದಳು.

ಸಿಂಹಣ್ಣ ಕಣ್ಣು ತೆರೆದ. ಎದುರಿಗಿದ್ದ ಮೊದಲನೆಯವನು ಬೋಳು. ಎರಡನೆಯವನು ಬೋಳು. ಮೂರು, ನಾಲ್ಕು, ಐದು, ಎಲ್ಲರೂ ಬೋಳು, ಎಲ್ಲರ ಪಕ್ಕದಲ್ಲೂ ಕೈಗನ್ನಡಿ ಹಿಡಿದ ಅಕ್ಕ. ಆರನೆಯವನ ಹಿಂದಲೆಯಲ್ಲಿ ಆ ಕಲೆ. ಅವನ ಪಕ್ಕದಲ್ಲೂ ಈಗ ಒಬ್ಬಳು ನಿಂತಿದ್ದಳು. ಖಾಲಿಯಿದ್ದದ್ದು ಅವಳ ಜಾಗವೇ.

ಸಿಂಹಣ್ಣ ಇನ್ನೂ ತಲೆಯಾಡಿಸಿರಲಿಲ್ಲ. ಆಡಿಸಲೋ ಬೇಡವೋ ಎಂದು ಕತ್ತು ಬಿಗಿಹಿಡಿದಿದ್ದ. ಅವನ ಮುಂದಿನ ಐವರೂ ಅವನಂತೆಯೇ ಬಿಗಿಹಿಡಿದಿದ್ದರು.

ಆರನೆಯವನು ಮೊದಲು ತಲೆಯಾಡಿಸಿದ. ನಿಧಾನವಾಗಿ, ಒಂದೇ ಸಲ, ಹೂಂ ಎಂದು.

ಸಿಂಹಣ್ಣನ ಬೆನ್ನಗುಂಟ ಹಾವು ಹರಿದ ಹಾಗಾಯಿತು. ಆ ಭಯದಲ್ಲೇ, ಇನ್ನು ಅಡಗಿಕೊಳ್ಳಲು ಜಾಗವಿಲ್ಲವೆಂದಾದಾಗ ಬರುವ ಧೈರ್ಯದಲ್ಲಿ, ಅವನು ಆರನೆಯವನನ್ನು ದಾಟಿ ಕತ್ತಲೆಗೆ ಕಣ್ಣು ಕೊಟ್ಟ. ಅಲ್ಲಿ, ಹಸಿರು ಗಾಜಿನ ತಳದಲ್ಲಿ, ಸಾಸಿವೆಯಷ್ಟು ಚಿಕ್ಕದಾಗಿ ಒಂದು ಮುಖವಿತ್ತು. ಏಳನೆಯವನು ಕೂತಿರಲಿಲ್ಲ. ನಿಂತಿದ್ದ. ಕಿವಿಯ ಮೇಲೆ ಬಾಚಣಿಗೆ ಸಿಕ್ಕಿಸಿಕೊಂಡು, ಬಿಳಿ ಬಟ್ಟೆಯನ್ನು ಫಟ್ ಎಂದು ಕೊಡವುತ್ತಿದ್ದ. ತಲೆಯಲ್ಲಿ ಕೂದಲಿತ್ತೋ ಇಲ್ಲವೋ, ಅಷ್ಟು ದೂರಕ್ಕೆ ಹೇಳಲಾಗದು. ತುಟಿ ಮಾತ್ರ ಅಲುಗುತ್ತಿತ್ತು. ಮೂವತ್ತೊಂದು ವರ್ಷ ದಿನಕ್ಕೆ ನಲವತ್ತು ಸಲ ತಾನೇ ಹೇಳಿದ ಮಾತನ್ನು ಸಿಂಹಣ್ಣ ಆ ತುಟಿಯಿಂದ ಓದಿದ: ಮುಂದಿನವರು ಬನ್ನಿ.

"ಇದ್ದಾನೇನೋ?" ಅಕ್ಕ ಪಿಸುಗುಟ್ಟಿದಳು.

"ಇದ್ದಾನೆ. ಅವಸರದಲ್ಲಿದ್ದಾನೆ."

ಆಗ ಸಿಂಹಣ್ಣ ತಲೆಯಾಡಿಸಿದ. ಡಬ್ಬಿಯ ತಳದಿಂದ ಒಪ್ಪಿಗೆ ಪತ್ರ ತೆಗೆದು, ಕುರ್ಚಿಯ ತೋಳಿನ ಮೇಲಿಟ್ಟು ಸಹಿ ಹಾಕಿದ. ಅಕ್ಕ ಅದರ ಮೇಲೆ ಬರಿಗೈಯಲ್ಲೇ ಧಪ್ ಎಂದು ಮೊಹರು ಒತ್ತಿದಳು. ಆ ಸದ್ದಿಗೆ ಬೀದಿ ಕೊನೆಯ ಮರದ ಕಾಗೆಗಳೆಲ್ಲ ಎದ್ದವು.

ಸೋಮವಾರ ಬೆಳಗ್ಗೆ ಏಳೂವರೆಗೆ ಇಬ್ಬರೂ ಹೊರಟರು. ಟೋಪಿ ಬೇಡವೆಂದ ಸಿಂಹಣ್ಣ. ಅಂಗಡಿಯ ಶಟರ್ ಎಳೆದು, ಬೀಗ ಹಾಕಿ, ಕೀಲಿಯನ್ನು ಅಕ್ಕನ ಕೈಗೆ ಕೊಡಹೋದವನು ತಟ್ಟನೆ ನಿಂತ. ಶಟರಿಗೆ ಕಿವಿ ಇಟ್ಟ.

ಒಳಗೆ ಕತ್ತರಿ ಆಡುತ್ತಿತ್ತು. ಕಚ, ಕಚ, ಕಚ, ನಡುನಡುವೆ ಒಂದು ಸಣ್ಣ ನಿಲುಗಡೆ. ಆ ನಿಲುಗಡೆ ಯಾರದೆಂದು ಅವನಿಗೆ ಗೊತ್ತಿತ್ತು. ಹದಿನಾಲ್ಕು ಊರುಗಳಲ್ಲಿ ಹಾಗೆ ಕತ್ತರಿ ಆಡಿಸುವವನು ಒಬ್ಬನೇ. ಬೋಳು ನೆತ್ತಿಯ ಮೇಲೆ ಕೂದಲಿದ್ದಿದ್ದರೆ ನಿಮಿರಿ ನಿಲ್ಲುತ್ತಿತ್ತು.

"ಏನು ನಿಂತ್ಬಿಟ್ಟೆ? ಹೊತ್ತಾಗುತ್ತೆ ಬಾರೋ."

"ಏನಿಲ್ಲ ಕಣಕ್ಕ," ಎಂದ ಸಿಂಹಣ್ಣ, ಕೀಲಿಯನ್ನು ತನ್ನ ಜೇಬಿಗೇ ಹಾಕಿಕೊಳ್ಳುತ್ತ. "ಅಂಗಡಿ ಯಾರು ನಡೆಸ್ತಾರೆ ಅಂತ ಯೋಚಿಸ್ತಿದ್ದೆ. ಆಳು ಸಿಕ್ಕಿದ."