ಸೂಜಿ ಬಿದ್ದರೂ ಕೇಳಿಸುವ ತರಗತಿ

ಶಾಲೆಯ ಚಾವಣಿ ದುರಸ್ತಿಗೆ ಬಂದಿತ್ತು. ಅದು ಮುಗಿಯುವವರೆಗೆ ಪಾಠವೆಲ್ಲ ಮೊಬೈಲಿನಲ್ಲಿ. ಲೆಕ್ಕದ ಟೀಚರ್ ಸಕ್ಕರೆ ಡಬ್ಬಿಗೆ ಫೋನು ಒರಗಿಸಿ, ಅಡುಗೆಮನೆಯ ಬಾಗಿಲನ್ನೇ ಬೋರ್ಡು ಮಾಡಿಕೊಂಡರು. ಮೊದಲ ದಿನ ಒಂದು ಮನೆಯ ಕುಕ್ಕರು, ಇನ್ನೊಂದು ಮನೆಯ ಜಗಳ ಎಲ್ಲ ಒಟ್ಟಿಗೆ ಕೇಳಿ ಅವರ ತಲೆ ಚಿಟ್ಟುಹಿಡಿಯಿತು. ತಡಕಾಡಿ, ಮಕ್ಕಳ ಮೈಕುಗಳನ್ನೆಲ್ಲ ಮುಚ್ಚುವ ಗುಂಡಿ ಒತ್ತಿದರು. ಅಬ್ಬ, ಎಷ್ಟು ಹಾಯೆನಿಸಿತು!

ಅಂದಿನಿಂದ ಪಾಠ ಮುಗಿಸಿ, "ಅರ್ಥ ಆಯ್ತೇನ್ರೋ? ಯಾರಿಗಾದ್ರೂ ಡೌಟ್ ಇದ್ಯಾ?" ಎಂದರೆ ಒಬ್ಬರೂ ಉಸಿರೆತ್ತುತ್ತಿರಲಿಲ್ಲ. ಟೀಚರಿಗೆ ಹೆಮ್ಮೆಯೋ ಹೆಮ್ಮೆ.

"ಅಕ್ಕಾ, ಫೋನಲ್ಲಿ ಪಾಠ ಮಾಡೋದನ್ನ ಸ್ವಲ್ಪ ಹೇಳ್ಕೊಡ್ಲಾ?" ಎಂದು ಪಕ್ಕದ ಮನೆಯ ವಿಜ್ಞಾನದ ಟೀಚರ್ ಕೇಳಿದಾಗ ನಕ್ಕುಬಿಟ್ಟರು.

"ನನಗೇ ಪಾಠ ಹೇಳ್ತೀಯೇನೇ? ನನ್ನ ಕ್ಲಾಸಲ್ಲಿ ಸೂಜಿ ಬಿದ್ರೂ ಕೇಳ್ಸತ್ತೆ. ಬೇಕಾದ್ರೆ ಬಂದು ನೋಡು."

ಅವಳು ಒಂದು ದಿನ ಪಾಠದ ಹೊತ್ತಿಗೆ ನಿಜಕ್ಕೂ ಬಂದಳು. ಪರದೆ ನೋಡಿ ಹಣೆ ಚಚ್ಚಿಕೊಂಡಳು.

"ಅಯ್ಯೋ ಅಕ್ಕಾ! ಮಕ್ಕಳು ಎಷ್ಟು ಕೂಗಿದ್ರೂ ನಿಮಗೆ ಕೇಳಲ್ಲ. ಅವರಾಗಿ ಮೈಕ್ ತೆಗೆಯೋಕೂ ಆಗದ ಹಾಗೆ ಬೀಗ ಹಾಕಿಟ್ಟಿದೀರಲ್ಲ!"

ಅವಳು ಗುಂಡಿ ಒತ್ತಿದ್ದೇ ತಡ, ಅಡುಗೆಮನೆ ತುಂಬ ದನಿಗಳು.

"ಟೀಚರ್! ನನ್ನ ಮಾತು ಕೇಳಿಸ್ತಿದ್ಯಾ?"

"ಟೀಚರ್, ಭಿನ್ನರಾಶಿ ಮೊದಲಿಂದ ಹೇಳ್ಕೊಡಿ!"

ಟೀಚರ್ ಕಣ್ಣು ಒಂದು ಮುಖವನ್ನು ಹುಡುಕಿತು. ಶಾಲೆಯಲ್ಲಿ ಮಾತುಮಾತಿಗೂ 'ಯಾಕೆ ಟೀಚರ್?' ಎನ್ನುತ್ತಿದ್ದ, ಅವರೇ 'ಯಾಕೆಪುಟ್ಟಿ' ಎಂದು ಕರೆಯುತ್ತಿದ್ದ ಹುಡುಗಿ.

"ಯಾಕೆಪುಟ್ಟಿ ಎಲ್ರೋ?"

"ಅವಳು ಬರೋದು ಬಿಟ್ಟು ತುಂಬ ದಿನ ಆಯ್ತು ಟೀಚರ್. ಎಷ್ಟು ಕೇಳಿದ್ರೂ ನೀವು ಮಾತಾಡ್ಸಲಿಲ್ಲ, ನಿಮಗೆ ಅವಳು ಬೇಡ ಅಂತ ಅತ್ಳು."

ಆ ಸಂಜೆಯೇ ಟೀಚರ್ ಅವಳ ಮನೆಗೆ ಹೋದರು.

"ಫೋನು ಕೆಟ್ಟಿದೆ ಅಂತ ನಮ್ಮ ಹತ್ರ ಹೇಳಿದ್ಲಲ್ಲ ಟೀಚರ್!" ಎಂದು ಅವಳಮ್ಮ ಬೆರಗಾದರು.

"ಫೋನೂ ಕೆಟ್ಟಿಲ್ಲ, ಮಗೂದೂ ತಪ್ಪಿಲ್ಲ. ಮಕ್ಕಳ ಮೈಕಿಗೆ ನಾನೇ ಬೀಗ ಹಾಕಿಟ್ಟಿದ್ದು ನನಗೆ ಗೊತ್ತಿರಲಿಲ್ಲ ಕಣಮ್ಮ. ಹೇಳ್ಕೊಡ್ತೀನಿ ಅಂದವರನ್ನೂ ಆಡಿಕೊಂಡೆ. ನಾಳೆಯಿಂದ ಬರ್ತೀಯಾ ಪುಟ್ಟೀ?"

ಹುಡುಗಿ ಅಮ್ಮನ ಬೆನ್ನ ಹಿಂದಿನಿಂದ ಹೂಂ ಎಂದು ತಲೆಯಾಡಿಸಿದಳು.

ಮರುದಿನದಿಂದ ಅವಳು ಬರುತ್ತಿದ್ದಾಳೆ. ಮೈಕು ತೆರೆದೇ ಇದೆ. 'ಯಾಕೆ' ಎಂದು ಮಾತ್ರ ಇನ್ನೂ ಕೇಳಿಲ್ಲ. ಪಾಠ ಮುಗಿದ ಮೇಲೂ ಟೀಚರ್ ಫೋನು ಆರಿಸದೆ ಕಾಯುತ್ತಾರೆ.

ಟೀಚರುಗಳೇ, ಫೋನಿನ ಪಾಠ ನಮಗೆಲ್ಲ ಹೊಸದು. ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಹತ್ತಿರ ಇಂದೇ ಕೇಳಿಕೊಳ್ಳಿ. ಅಪ್ಪ ಅಮ್ಮಂದಿರೇ, ಮಗು ಪಾಠ ಬಿಟ್ಟರೆ ಬೈಯುವ ಮೊದಲು ಟೀಚರಿಗೊಂದು ಮಾತು ತಿಳಿಸಿ. ನಿಮ್ಮ ತರಗತಿ ತೀರಾ ಸದ್ದಿಲ್ಲದೆ ನಡೆಯುತ್ತಿದೆಯೇ? ಹೆಮ್ಮೆಪಡುವ ಮುನ್ನ ಮಕ್ಕಳ ಮೈಕು ತೆರೆದು ನೋಡಿ.